ಗೋಡೆಯಾಚೆಯ ಸಾಣೆಕಲ್ಲು

ಗೋಡೆಯಾಚೆ ಸಾಣೆಕಲ್ಲು ತಿರುಗತೊಡಗಿತು. ಮೊದಲು ಸೊಂಯ್ ಎಂಬ ಎಳೆತ, ಆಮೇಲೆ ಉಕ್ಕು ತಾಕಿದಾಗ ಹಲ್ಲು ಜುಮ್ಮೆನಿಸುವ ಸೀಳುದನಿ. ಈಚೆ ಇಂಜಿನ್ ಹೆಡ್ಡಿನ ಕೆಲಸದವನು ಲೋಟ ಕೆಳಗಿಟ್ಟು ಎದ್ದ. ಹೆಂಡತಿ ತೀರಿಕೊಂಡ ಮೇಲೆ ಅವನ ದಿನ ಶುರುವಾಗುತ್ತಿದ್ದುದೇ ಈ ಸದ್ದಿನಿಂದ. ಆಚೆ ಕೆಲಸ ಮಾಡುತ್ತಿದ್ದವನು ಅವಳ ತಮ್ಮ.

ಒಂದೇ ಶೆಡ್ಡನ್ನು ಇಟ್ಟಿಗೆ ಗೋಡೆ ಎರಡು ಮಾಡಿತ್ತು. ಈಚೆ ಭಾವ ಹಳೆಯ ಸಣ್ಣ ಕಾರುಗಳ ಸಿಲಿಂಡರ್ ಹೆಡ್ಡು ಸರಿಮಾಡುತ್ತಿದ್ದ. ಆಚೆ ಮೈದುನ ಕ್ಯಾಮ್‌ಶಾಫ್ಟು ಅರೆಯುತ್ತಿದ್ದ. ಹೆಡ್ಡು ಇಂಜಿನ್ನು ಉಸಿರಾಡುವ ಬಾಯಿ. ಆ ಬಾಯಿಯ ಕದಗಳಾದ ವಾಲ್ವುಗಳು ಯಾವಾಗ, ಎಷ್ಟು ಹೊತ್ತು ತೆರೆದಿರಬೇಕೆಂದು ಹೇಳುವುದು ಕ್ಯಾಮ್‌ಶಾಫ್ಟು. ಎತ್ತು ಏರಿಗೆ, ಕೋಣ ನೀರಿಗೆ ಆಗಬಾರದೆಂದು ಅವರಲ್ಲೊಂದು ಕಟ್ಟಳೆಯಿತ್ತು: ಯಾವ ಹೆಡ್ಡೆಂದು ಭಾವ ಹೇಳುವ ತನಕ ಕಲ್ಲು ತಿರುಗಬಾರದು, ಹೇಳಿದ ಮೇಲೆ ಮರುಪ್ರಶ್ನೆ ಇಲ್ಲ.

ಇವತ್ತು ಅವನು ಯಾವ ಹೆಡ್ಡನ್ನೂ ಹೇಳಿರಲಿಲ್ಲ. ಗೋಡೆ ಬಳಸಿ ಆಚೆ ಹೋದ.

"ಯಾರದ್ದೋ ಅದು?"

"ನಂದೇ ಭಾವ." ಕಲ್ಲು ನಿಂತಿತು. ಮೈದುನನ ಕೈಯಲ್ಲಿದ್ದುದು ಪ್ರಾಯದಲ್ಲಿ ಅವನು ರೇಸಿಗೆಂದು ಅರೆದು, ಒಯ್ಯುವವರಿಲ್ಲದೆ ಮೊಳೆಗೆ ನೇತುಹಾಕಿದ್ದ ಶಾಫ್ಟು. "ಮಗಳು ಬಂದು ನಮ್ಮ ಜೊತೇಲೇ ಇರು ಅಂತಿದ್ದಾಳೆ. ಇಲ್ಲಿಗೆ ಬೀಗ ಹಾಕ್ತೀನಿ. ನನ್ನ ಗಾಡೀಲೇ ಹೋಗ್ಬೇಕು. ನೀವು ದೊಡ್ಡ ವಾಲ್ವಿನ ಹೆಡ್ಡು ಕೊಟ್ರೆ ಇದನ್ನ ಹಾಕಿ ಒಂದ್ಸಲ ಹಾರಿಸಿಬಿಡ್ತೀನಿ."

ಮಗಳ ಊರು ಬೆಟ್ಟದಾಚೆ. ದೊಡ್ಡ ವಾಲ್ವಿನ ಹೆಡ್ಡು, ರೇಸಿನ ಶಾಫ್ಟು ಎರಡೂ ಓಟದಲ್ಲಷ್ಟೇ ಚೆನ್ನಾಗಿ ಉಸಿರಾಡುತ್ತವೆ; ಸಾಮಾನು ಹೇರಿಕೊಂಡು ನಿಧಾನವಾಗಿ ಏರು ಹತ್ತುವಾಗ ಕೆಮ್ಮುತ್ತವೆ. ಪರರ ಗಾಡಿಯಾಗಿದ್ದರೆ ಮೈದುನನೇ ಬೈದು ಬುದ್ಧಿ ಹೇಳುತ್ತಿದ್ದ. ತನ್ನ ಗಾಡಿಯ ಮಾತು ಬಂದರೆ ಯಾವ ಮೆಕ್ಯಾನಿಕ್ಕಾದರೂ ಮಗುವೇ.

ಅರ್ಧ ಬೆಟ್ಟಕ್ಕೆ ಸೋತು ಹಿಂದಿರುಗುತ್ತಾನೆ, ಎಂದುಕೊಂಡ ಭಾವ. ಬೀಗ ತೆಗೆಯುತ್ತಾನೆ. ಮತ್ತೆ ಬೆಳಿಗ್ಗೆ ಕಲ್ಲು ತಿರುಗುತ್ತದೆ.

"ದೊಡ್ಡದೇ ಹಾಕೋಣ," ಎಂದುಬಿಟ್ಟ. ಕಟ್ಟಳೆಯಂತೆ ಮರುಪ್ರಶ್ನೆ ಬರಲಿಲ್ಲ.

ಜೋಡಿಸಿ ಚಾಲೂ ಮಾಡಿದಾಗ ಗಾಡಿ ಚಳಿಜ್ವರ ಬಂದಂತೆ ಅದುರಿತು. ಶೆಲ್ಫಿನ ಡಬ್ಬಿಗಳು ಕುಣಿದವು. "ಹುಲಿ ಭಾವ, ಹುಲಿ!" ಎಂದು ಮೈದುನ ಬೀದಿಗಿಳಿಸಿದ. ಬೀದಿಯ ತುದಿಯ ಸಣ್ಣ ಏರಿನಲ್ಲಿ ಇಂಜಿನ್ ಗಕ್ಕನೆ ನಿಂತಿತು. ಮತ್ತೆ ಹಚ್ಚಿದ, ಮತ್ತೆ ನಿಂತಿತು. ಗಾಡಿ ಹಿಂದಕ್ಕೆ ಉರುಳಿತು. ಹಿಂದಿದ್ದ ಲಾರಿ ಅರಚಿಕೊಂಡಿತು. ಭಾವ ಓಡಿ ಬಂದು ಚಕ್ರದಡಿಗೆ ಕಲ್ಲೊಂದನ್ನು ಕೊಟ್ಟು ಕಿಟಕಿಯ ಬಳಿ ಬಗ್ಗಿದ.

"ನನ್ನ ಕಾಲೇ ಸರಿಯಿಲ್ಲ ಭಾವ," ಎಂದ ಮೈದುನ, ನಗಲು ನೋಡುತ್ತಾ. "ನಿಮ್ಮ ಹೆಡ್ಡು ಅಪ್ಪಟ ಬಂಗಾರ."

ಆ ಮಾತು ನೇರ ಎದೆಗೆ ಚುಚ್ಚಿತು.

"ಬಿಚ್ಚು," ಎಂದ ಭಾವ. "ತಪ್ಪು ಹೇಳ್ದೆ."

ಒಳಗೆ ಹೋಗಿ ಮಂಚದ ಕೆಳಗಿನಿಂದ ಎಣ್ಣೆಬಟ್ಟೆಯ ಗಂಟೊಂದನ್ನು ಎಳೆದು ತಂದ. ಸಣ್ಣ ವಾಲ್ವಿನ ಹೆಡ್ಡು. ಅದರ ಗಾಡಿ ಗುಜರಿಗೆ ಹೋಗಿ ಎಷ್ಟೋ ಕಾಲವಾಗಿತ್ತು. ಇದನ್ನು ಮಾತ್ರ ಕಳಚಿ ಇಟ್ಟುಕೊಂಡಿದ್ದ. ಮೈದುನ ಅಂಚಿನ ಮೇಲೆ ಬೆರಳಾಡಿಸಿದ.

"ಅಕ್ಕನ ಗಾಡೀದಲ್ವಾ?"

"ಹೂಂ. ಸಣ್ಣ ಬಾಯಿ. ಆದ್ರೆ ಏರಲ್ಲಿ ಒಂದ್ಸಲಾನೂ ನಿಂತಿದ್ದಿಲ್ಲ."

"ಅಕ್ಕನ ಥರಾನೇ ಅನ್ನಿ. ಬಾಯಿ ಮಾತ್ರ ಸಣ್ಣದಿರ್ಲಿಲ್ಲ."

ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಇಬ್ಬರಿಗೂ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ಆ ಹೆಡ್ಡಿಗೆ ಹೊಂದುವ ಸಾಧು ಶಾಫ್ಟನ್ನು ಮೈದುನ ಅರೆಯುವಾಗ ಭಾವ ತನ್ನ ಕೆಲಸ ಬಿಟ್ಟು ಗೋಡೆಗೆ ಒರಗಿ ಕೂತ. ಇಟ್ಟಿಗೆಯ ನಡುಕ ಬೆನ್ನಿಗೆ ತಾಕುತ್ತಿತ್ತು. ಸೀಳುದನಿ ತೆಳುವಾಯಿತು. ಕಲ್ಲು ಸುಮ್ಮನೆ ಕೆಲವು ಸುತ್ತು ತಿರುಗಿ ನಿಂತಿತು. ಬೆನ್ನಿಗೆ ಬರೀ ಗೋಡೆ ಉಳಿಯಿತು.

ಮರುದಿನ ಇಂಜಿನ್ ಹಚ್ಚಿದಾಗ, ಮಡ್‌ಗಾರ್ಡಿನ ಮೇಲಿಟ್ಟ ಲೋಟದ ನೀರು ಕಂಪಿಸಿತೇ ಹೊರತು ತುಳುಕಲಿಲ್ಲ.

"ಹೊಲಿಗೆ ಮಿಷನ್ ಆಗೋಯ್ತಲ್ಲ ನನ್ನ ಹುಲಿ! ಬೆಟ್ಟ ಹತ್ತುತ್ತಾ ಭಾವ?"

"ನೀನು ಹಾಡ್ಕೊಂಡು ಕೂತಿರು, ಅದೇ ಹತ್ತುತ್ತೆ."

"ನಾನು ಹಾಡಿದ್ರೆ ಗಾಡಿ ಇಳಿದು ಓಡಿಹೋಗುತ್ತೆ." ಮೈದುನ ಕೈಬಟ್ಟೆಯನ್ನು ಮಡಿಸಿದ, ಬಿಡಿಸಿದ. "ಹಿಂದಿನ ಸೀಟಲ್ಲಿ ಸಾಮಾನು. ಮುಂದಿನದು ಖಾಲಿ ಇದೆ ಭಾವ. ನೀವೊಬ್ರೇ ಇಲ್ಲಿ ಗೋಡೆ ನೋಡ್ಕೊಂಡು ಏನ್ಮಾಡ್ತೀರಿ? ಮಗಳೂ ಕೇಳ್ತಿದ್ಲು, ಮಾವ ಯಾಕೆ ಬರಲ್ಲ ಅಂತ. ಇರೋಕಲ್ಲ, ನಾಲ್ಕು ದಿನ ಬಂದುಹೋಗಿ. ಏನಂತೀರಿ? ಅಲ್ಲಾ, ನಾನು ಹೇಳೋದು..."

ಭಾವ ನೀರಿನ ಲೋಟ ಎತ್ತಿಕೊಂಡ. ಬಾನೆಟ್ಟನ್ನು ಮೆಲ್ಲಗೆ ಒತ್ತಿ ಮುಚ್ಚಿ, ಮಾತು ಇನ್ನೂ ನಡೆಯುತ್ತಿದ್ದಂತೆ, ಬೀಗ ಹಾಕಿ ಬರಲು ತನ್ನ ಬಾಗಿಲಿನತ್ತ ನಡೆದ.