ಸಹಿ ಹಾಕದ ಕಾರ್ಯದರ್ಶಿ

ರಾಜಾಜಿನಗರದ ನಮ್ಮ ಹಾಕಿ ಕ್ಲಬ್ಬಿಗೆ ಚಿಕ್ಕಹನುಮಯ್ಯ ಹದಿನೆಂಟು ವರ್ಷ ಕಾರ್ಯದರ್ಶಿಯಾಗಿದ್ದ. ಕಾರ್ಖಾನೆಯ ಮೊದಲ ಪಾಳಿ ಮುಗಿಸಿ, ಎಣ್ಣೆ ಮೆತ್ತಿದ ಕೈಯಲ್ಲೇ ಮೈದಾನಕ್ಕೆ ಬಂದು, ಸೀಳು ಬಿಟ್ಟ ಸ್ಟಿಕ್ಕುಗಳಿಗೆ ಟೇಪು ಸುತ್ತುತ್ತ ಕೂರುತ್ತಿದ್ದ. ಕೆಟ್ಟದ್ದು ಸ್ಟಿಕ್ಕಾಗಲಿ, ಛತ್ರಿಯಾಗಲಿ, ಯಾರದಾದರೂ ಮಂಡಿಯಾಗಲಿ, ಅವನ ಮದ್ದು ಅದೇ ಟೇಪು. ಪ್ರತಿವರ್ಷ ಲೀಗ್ ಶುರುವಾಗುವ ಮುಂಚೆ ನಮ್ಮದು ಒಂದೇ ಜಗಳ: ಬೇರೆ ಕ್ಲಬ್ಬಿನಿಂದ ಗೋಲು ಹೊಡೆಯುವ ಸ್ಟಾರ್ ಒಬ್ಬನನ್ನು ತರಬೇಕು, ಬದಲಿಗೆ ನಮ್ಮ ಆಟಗಾರರಿಬ್ಬರನ್ನು ಅಲ್ಲಿಗೆ ಕೊಡಬೇಕು. "ಒಂದ್ಸಲ ಧೈರ್ಯ ಮಾಡೋ ಹನುಮ, ಕಪ್ ನಮ್ದೇ," ಎಂದು ನಾನೇ ಎಷ್ಟು ಸಲ ಗೋಗರೆದಿದ್ದೆ. "ಸ್ಟಾರ್‌ಗೆ ಮಂಡಿ ನೋಯಲ್ವೇನೋ? ನಾಳೆ ನೋಡೋಣ," ಎಂದು ಅವನು ವರ್ಗಾವಣೆಯ ಅರ್ಜಿಯನ್ನು ಮಡಿಸಿ ಜೇಬಿಗೆ ಹಾಕುತ್ತಿದ್ದ. ಗಡುವು ಮುಗಿದ ಮೇಲೆಯೇ ಅದು ಹೊರಗೆ ಬರುತ್ತಿತ್ತು. ಪುಕ್ಕಲ ಎಂದು ಬೈದರೆ ನಕ್ಕು ಇನ್ನೊಂದು ಸ್ಟಿಕ್ಕು ಎತ್ತಿಕೊಳ್ಳುತ್ತಿದ್ದ. ಹೋದ ತಿಂಗಳು ತೀರಿಕೊಂಡ. ತಿಥಿಯ ದಿನ ಅವನ ಹೆಂಡತಿ ಬೋರಮ್ಮ ಟ್ರಂಕಿನಿಂದ ಒಂದು ಹಸಿರು ಜರ್ಸಿ ತೆಗೆದರು. ಅದು ನಮ್ಮ ಕ್ಲಬ್ಬಿನ ಬಣ್ಣವಲ್ಲ. "ಇಪ್ಪತ್ತರ ವಯಸ್ನಲ್ಲಿ, ಯಾರೋ ಸ್ಟಾರ್ ಬೇಕು ಅಂತ ಆಗಿನ ಕ್ಲಬ್ಬಿನೋರು ಇವ್ರನ್ನ ಬೇರೆ ಕ್ಲಬ್ಬಿಗೆ ಕೊಟ್ಬಿಟ್ಟಿದ್ರಂತೆ ಅಣ್ಣ. ಅಲ್ಲಿ ಎರಡು ವರ್ಷ ಒಂದು ಮ್ಯಾಚೂ ಆಡಿಸ್ಲಿಲ್ವಂತೆ," ಎಂದರು. ನನಗೂ ಅವನು ಹೇಳಿರಲಿಲ್ಲ. ಜರ್ಸಿಯಲ್ಲಿ ಅಂಗಡಿಯ ಮಡಿಕೆ ಇನ್ನೂ ಹಾಗೇ ಇತ್ತು. ಈಗ ಕಾರ್ಯದರ್ಶಿ ನಾನು. ಎಂಬತ್ತಾರನೇ ಇಸವಿಯ ಲೀಗಿನ ವರ್ಗಾವಣೆಯ ಅರ್ಜಿ ನನ್ನ ಮುಂದಿದೆ, ಸಹಿಗೆ ನಾಳೆಯೇ ಕೊನೆಯ ದಿನ. ಸಮಿತಿಯವರು ಪೆನ್ನು ಚಾಚಿದರು. "ನಾಡಿದ್ದು ನೋಡೋಣ ಕಣ್ರೋ," ಎಂದೆ.