ಬಾವಿಯ ಮೊದಲ ಸರದಿ

ಮುನಿಆಂಜಿನಪ್ಪ ಸತ್ತ ಮೇಲೆ ಅವನ ಹೆಂಡತಿ ಸುಬ್ಬಲಕ್ಷ್ಮಮ್ಮ ಹೊಲದ ಕಡೆ ಹೋಗಿರಲಿಲ್ಲ. ಜಕ್ಕೂರಿನ ಕೆರೆಯ ಹಿಂದೆ, ಅಪಾರ್ಟ್‌ಮೆಂಟುಗಳ ನಡುವೆ ಉಳಿದುಕೊಂಡ ಹೊಲ ಅದು. ಅದರ ಮೂಲೆಯಲ್ಲೇ ಅವನನ್ನು ಮಣ್ಣು ಮಾಡಿದ್ದರು. ಹೋದರೆ ಅಳು ಬರುತ್ತದೆ, ಅತ್ತರೆ ಕೆಲಸ ಕೆಡುತ್ತದೆ ಎಂದು ಮನೆಯಲ್ಲೇ ಇದ್ದಳು.

ಶಿವರಾತ್ರಿ ಹತ್ತಿರ ಬಂದಿತ್ತು. ಒಂದು ಸಂಜೆ ಬಾವಿಯ ಮೋಟಾರಿನ ಸದ್ದು ಕೇಳಿತು. ನಿಲ್ಲಲೇ ಇಲ್ಲ. ಸಾರು ಕುದಿಸುತ್ತಿದ್ದವಳಿಗೆ ಗೊತ್ತಾಯಿತು, ಬಾವಿ ಬರಿದು ಮಾಡುತ್ತಿದ್ದಾರೆ.

ಬಾವಿ ಮೂರು ಮನೆಗೆ ಸೇರಿದ್ದು. ಬೇಸಿಗೆ ಬೆಳೆ ಇಡುವ ಮುಂಚೆ ಸಂಜೆ ಅದನ್ನು ಬರಿದು ಮಾಡಿ, ಬೆಳಿಗ್ಗೆ ಒರತೆ ಎಷ್ಟು ತುಂಬಿದೆ ಎಂದು ಬಗ್ಗಿ ನೋಡುವುದು ವಾಡಿಕೆ. ನೀರು ಒಳಗಿನ ಕರೀ ಬಂಡೆಯನ್ನು ಮುಟ್ಟಿದ್ದರೆ ಎಲ್ಲರೂ ಹೊಲ ಪೂರ್ತಿ ಬಿತ್ತಬಹುದು. ಮುಟ್ಟದಿದ್ದರೆ ಯಾರು ಎಷ್ಟು ಹೊಲ ಬಿತ್ತದೆ ಬಿಡಬೇಕು ಎಂದು ಹೇಳುವವನು ಮುನಿಆಂಜಿನಪ್ಪ. ಇವತ್ತಿನ ಬಿಸಿಲಿಗಲ್ಲ, ಯುಗಾದಿ ಆಚೆಯ ಬಿಸಿಲಿಗೆ ಲೆಕ್ಕ ಹಾಕಬೇಕು ಅನ್ನುತ್ತಿದ್ದ. ಪಾಲು ಹೇಳಿದವನು ನೀರಿನ ಕೊನೆಯ ಸರದಿ ತೆಗೆದುಕೊಳ್ಳಬೇಕು, ಅದೂ ವಾಡಿಕೆಯೇ. ಕರೆಂಟು ಹೋದರೆ ತಪ್ಪುವುದು ಕೊನೆಯವನ ನೀರು.

ಈ ಸಲ ಅವಳನ್ನು ಯಾರೂ ಕರೆಯಲಿಲ್ಲ. ಬೆಳಿಗ್ಗೆ ತಾನೇ ಹೋದಳು.

ಗಂಡನ ಅಣ್ಣ ವೆಂಕಟರಾಮಯ್ಯ, ತಮ್ಮ ಅನಂತರಾಜು ಬಾವಿ ಕಟ್ಟೆಯ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಅನಂತರಾಜು ಎದ್ದು ನಿಂತ.

"ನೀವ್ಯಾಕೆ ಬರೋಕೋದ್ರಿ ಅತ್ತಿಗೆ."

"ಪಾಲು ಆಯ್ತಾ?"

"ಆಯ್ತು," ಎಂದ ವೆಂಕಟರಾಮಯ್ಯ. "ನಾವಿಬ್ರೂ ಪೂರ್ತಿ ಇಡ್ತೀವಿ. ನಿಂದು ಈ ಬೇಸ್ಗೆ ಬಿಡಮ್ಮ. ಮನೇಲಿ ಇಂಗಾಗೈತೆ, ನೀನು ಮಣ್ಣಲ್ಲಿ ಒದ್ದಾಡ್ತೀಯಾ? ಮಳೆಗಾಲಕ್ಕೆ ನೋಡಾಣ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅದಕ್ಕೇ ಅವಳಿಗೆ ಹೆಚ್ಚು ಉರಿಯಿತು. ಒಂದು ಬೇಸಿಗೆ ನೀರಿನ ಪಾಲು ಬಿಟ್ಟುಕೊಟ್ಟರೆ ಮುಂದಿನ ಬೇಸಿಗೆಗೆ ಬೇಡಬೇಕು. ಆಮೇಲೆ ಹೊಲ ಬೀಳು. ಬೀಳು ಹೊಲದ ಮುಂದೆ ಬಿಲ್ಡರ್ ಕಾರು ನಿಲ್ಲುವುದಕ್ಕೆ ಎಷ್ಟು ಹೊತ್ತು.

"ಸತ್ತಿದ್ದು ಅವರು ಬಾವ. ನಾನಲ್ಲ."

ಅವಳು ಬಗ್ಗಿ ನೋಡಿದಳು. ನೀರು ಕರೀ ಬಂಡೆಗಿಂತ ಗೇಣು ಕೆಳಗಿತ್ತು.

"ಇದ್ರಲ್ಲಿ ಇಬ್ರೂ ಪೂರ್ತಿ ಇಡ್ತೀರಾ? ರಾಜು, ಸೀಮೆಹುಲ್ಲು ಎಷ್ಟು ಹಾಕ್ತೀಯ?"

"ಹೊಲ ತುಂಬ ಅತ್ತಿಗೆ. ಹಸು ಇದಾವಲ್ಲ."

"ನಿನ್ನ ಹಸುಗಿಂತ ನಿನ್ನ ಹುಲ್ಲೇ ಜಾಸ್ತಿ ಕುಡಿಯುತ್ತೆ ಕಣೋ. ಈಗೇನೋ ವಾರಕ್ಕೊಂದ್ಸಲ ಸಾಕು. ಯುಗಾದಿ ಆದ್ಮೇಲೆ? ಟ್ಯಾಂಕರ್ ತರಿಸ್ತೀಯಾ?"

ವೆಂಕಟರಾಮಯ್ಯ ಮೀಸೆಯಡಿ ನಕ್ಕ. "ನನ್ ತಮ್ಮನ ಮಾತೇ ಕೇಳ್ದಂಗಾಯ್ತು."

"ನಗ್ಬೇಡಿ ಬಾವ. ನಿಮ್ಮ ಕೊತ್ತಂಬರೀನೂ ಅಷ್ಟೇ, ಬಿಸಿಲು ಏರಿದ್ರೆ ದಿನಾ ಕೇಳುತ್ತೆ. ಮೂರು ಹೊಲಾನೂ ಅರ್ಧರ್ಧ ಇಡಾಣ. ನಂದೂ ಅರ್ಧ. ದಂಟು ಹಾಕ್ತೀನಿ."

ಅವನು ಲೋಟ ಕೆಳಗಿಟ್ಟು ಇನ್ನೊಮ್ಮೆ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

"ಸರಿ ಕಣಮ್ಮ. ಪಾಲು ನೀನು ಹೇಳ್ದೆ. ಕೊನೇ ಸರದಿ ನಿಂದು."

"ಅದಾಗಲ್ಲ. ಮೊದಲ್ನೇದು ನಂದು."

"ವಾಡಿಕೆ ಅತ್ತಿಗೆ," ಎಂದ ಅನಂತರಾಜು.

"ಆ ವಾಡಿಕೇಲೇ ನನ್ನ ಮೆಣಸಿನ ಗಿಡ ಒಣಗಿದ್ವು. ನಿಮ್ಮಣ್ಣ ನಿಂತು ನೋಡಿದ್ರು. ಆವತ್ತು ಅವರ ಜೊತೆ ಜಗಳ ಆಡಿದೆ. ಇವತ್ತು ಆಡೋಣ ಅಂದ್ರೆ ಅವರಿಲ್ಲ. ಅದಕ್ಕೆ ನಿಮ್ಮ ಹತ್ರ ಆಡ್ತಿದೀನಿ."

ವೆಂಕಟರಾಮಯ್ಯ ಹೊಲದ ಮೂಲೆಯ ಮಣ್ಣಿನ ದಿಬ್ಬದ ಕಡೆ ನೋಡಿದ.

"ತಗೊ," ಎಂದ. "ಕೊನೇದು ನಾನು ತಗೋತೀನಿ."

ಅರ್ಧ ಹೊಲಕ್ಕೆ ದಂಟಿನ ಬೀಜ ಹಾಕಿದಳು. ಅವಳ ಸರದಿ ಬಂತು. ಮೊದಲೆಲ್ಲ ಮುನಿಆಂಜಿನಪ್ಪ ಕಾಲುವೆ ಬಾಯಲ್ಲಿ ಗುದ್ದಲಿ ಹಿಡಿದು ನಿಲ್ಲುತ್ತಿದ್ದ. ಅವಳು ಮಡಿಯ ತುದಿಯಲ್ಲಿ. ನೀರು ಕಾಲಿಗೆ ಮುಟ್ಟಿದಾಗ ಅವಳು ಕೂಗಬೇಕು, ಅವನು ಮಣ್ಣು ಎಳೆದು ನೀರನ್ನು ಮುಂದಿನ ಮಡಿಗೆ ತಿರುಗಿಸಬೇಕು.

ನೀರು ಬಿಟ್ಟು ಬಂದು ಅಭ್ಯಾಸಬಲದಿಂದ ತುದಿಯಲ್ಲೇ ನಿಂತಳು. ನೀರು ಒಣ ಮಣ್ಣನ್ನು ನೆನೆಸುತ್ತ ನಿಧಾನವಾಗಿ ಬಂದು ಹೆಬ್ಬೆರಳು ಮುಟ್ಟಿತು.

"ಬಂತು," ಎಂದು ಕೂಗಿದಳು.

ಆ ಕಡೆ ಗುದ್ದಲಿ ಮಾತ್ರ ಇತ್ತು. ಅವನು ಅವಳ ಬೆನ್ನ ಹಿಂದೆ, ದಿಬ್ಬದೊಳಗಿದ್ದ. ನೀರು ಮಡಿ ಮೀರತೊಡಗಿತು. ಸೀರೆ ಎತ್ತಿ ಸಿಕ್ಕಿಸಿಕೊಂಡು ಓಡಿದಳು. ತಾನೇ ಮಣ್ಣು ಎಳೆದಳು.