ನಲವತ್ತು ನಿಮಿಷದ ದಾರಿ

ಮಾಗಾಂಗ್ ದ್ವೀಪದ ವಿಮಾನ ನಿಲ್ದಾಣದಲ್ಲಿ, ವಿಚಾರಣೆಯ ಕಿಟಕಿಯ ಹಿಂದೆ ಇಪ್ಪತ್ತಾರು ವರ್ಷ ಕೂತವಳು ಖೋ ಬೀಹಾ. ಆಚೆ ದಡದ ಕಾವ್‌ಶ್ಯುಂಗ್ ನಗರ ಎಷ್ಟು ದೂರ ಎಂದರೆ ತಲೆ ಎತ್ತದೆ ಹೇಳುತ್ತಿದ್ದಳು: "ನೂರ ಮೂವತ್ತು ಕಿಲೋಮೀಟರು, ನಲವತ್ತು ನಿಮಿಷ. ಕಣ್ಣು ಮುಚ್ಚಿ ಬಿಡೋದ್ರೊಳಗೆ ಇಳೀತೀರಿ." ನಡುವೆ ಸಮುದ್ರ ಬಿಟ್ಟರೆ ಇನ್ನೇನೂ ಇಲ್ಲ. ಅಂಥ ದಾರಿಯಲ್ಲಿ ಈ ಮಹರಾಯ್ತಿ ಗಂಡನನ್ನೇ ಕಳೆದುಕೊಂಡಳು ನೋಡಿ, ಅದೂ ಅವನು ಸತ್ತ ಮೇಲೆ!

ಗಂಡ ಥಿಯೆನ್ಕಿಯಾತ್ ತೀರಿಕೊಂಡಿದ್ದು ಕಾವ್‌ಶ್ಯುಂಗ್‌ನ ಆಸ್ಪತ್ರೆಯಲ್ಲಿ. ಸತ್ತವನ ಆತ್ಮವನ್ನು ಮನೆಗೆ ಕರೆತರಬೇಕಲ್ಲ, ಅವನ ಅಂಗಿಯನ್ನು ಎದೆಗವಚಿಕೊಂಡು ದಾರಿಯುದ್ದಕ್ಕೂ ಹೇಳುತ್ತ ಬಂದಳು: ಸೇತುವೆ ಬಂತು, ವಿಮಾನ ಹತ್ತಿ, ಸಮುದ್ರ ದಾಟ್ತಿದ್ದೀವಿ. ಹೇಳದಿದ್ದರೆ ಸತ್ತವರಿಗೆ ದಾರಿ ತಿಳಿಯದು. ಮಾಗಾಂಗ್‌ನಲ್ಲಿ ಇಳಿಯುವಾಗ ಯಾರೋ "ಗಾಲಿಕುರ್ಚಿ ತನ್ನಿ, ಬೇಗ!" ಎಂದು ಕೂಗಿದರು. ಇಪ್ಪತ್ತಾರು ವರ್ಷದ ಅಭ್ಯಾಸ, ಬೀಹಾ ಎದ್ದು ಓಡಿದಳು. ‘ಊರು ಬಂತು, ಇಳೀರಿ’ ಅನ್ನುವ ಮಾತು ಗಂಟಲಲ್ಲೇ ಉಳಿಯಿತು. ಅರ್ಧ ಗಂಟೆಯಲ್ಲಿ ವಿಮಾನ ಹಿಂತಿರುಗಿ ಹಾರಿತು.

ಮನೆಯ ದೇವರ ಮುಂದೆ ಶಕುನ ಕೇಳುವ ಮರದ ಕಾಯಿ ಜೋಡಿಯನ್ನು ಎಸೆದು, ಬಂದಿರಾ ಎಂದು ಕೇಳಿದರು. ಒಂದು ಅಂಗಾತ, ಒಂದು ಬೋರಲು ಬಿದ್ದರೆ ಹೌದು. ಮೂರು ಸಲವೂ ಎರಡೂ ಬೋರಲು, ಅಂದರೆ ಇಲ್ಲ.

"ಊರೋರಿಗೆಲ್ಲ ದಾರಿ ಹೇಳ್ತೀಯ, ಕಟ್ಕೊಂಡೋನ್ನ ಬಿಟ್ಟು ಬಂದ್ಯಲ್ಲೇ!" ಅತ್ತೆ ಎದೆ ಬಡಿದುಕೊಂಡಳು. "ನಾಡಿದ್ದು ಏಳನೇ ದಿನ. ಅಷ್ಟ್ರೊಳಗೆ ಮನೆ ಸೇರ್ದಿದ್ರೆ ನನ್ನ ಮಗ ಅಲೆಮಾರಿ ಆಗ್ತಾನೆ."

ಮರುದಿನ ಬೀಹಾ ಅದೇ ವಿಮಾನ ಹುಡುಕಿ ಕಾವ್‌ಶ್ಯುಂಗ್‌ಗೆ ಹೋಗಿ ಬಂದಳು. ಇಳಿಯುವಾಗ ಮೆಲ್ಲಗೆ ಅಂದಳು: "ರೀ, ಊರು ಬಂತು. ಇಳೀರಿ." ಮೂವತ್ತು ವರ್ಷದಲ್ಲಿ ಗಂಡನ ಹೆಸರು ಹಿಡಿದು ಕರೆದವಳಲ್ಲ. ಕೊನೆಯವಳಾಗಿ ಇಳಿದರೂ ಮೆಟ್ಟಿಲ ಮೇಲೆ ಹಿಂದೊಂದು ಹೆಜ್ಜೆ ಕೇಳಿಸಿತು. ತಿರುಗಿ ನೋಡಲಿಲ್ಲ.

ಕಾಯಿಗಳು ಹೌದೆಂದವು. ಅತ್ತೆ ಅಳುತ್ತಲೇ ಕುಂಬಳಕಾಯಿ ಹಾಕಿದ ಅಕ್ಕಿ ಶಾವಿಗೆ ಬಡಿಸಿದಳು. "ಸಾಕಾ?" ಹೌದು. ಬೀಹಾಳಿಗೆ ಸಂತೋಷ ತಡೆಯಲಾಗಲಿಲ್ಲ. "ನನ್ನ ಗುರ್ತು ಸಿಕ್ತಾ?"

ಇಲ್ಲ.

ಅತ್ತೆ ಕಾಯಿಗಳನ್ನು ಕಿತ್ತುಕೊಂಡು ತಾನೇ ಎಸೆದಳು. "ನೀನು ನನ್ನ ಮಗನಾ?" ಇಲ್ಲ. "ಅವನಿನ್ನೂ ವಿಮಾನದಲ್ಲೇ ಇದ್ದಾನಾ?" ಹೌದು. "ಬೇರೆಯವರೂ ಇದ್ದಾರಾ?" ಹೌದು.

ಏಳನೇ ದಿನ ಬೀಹಾ ಮತ್ತೆ ಹಾರಿ ಬಂದಳು. ಪ್ರಯಾಣಿಕರೆಲ್ಲ ಇಳಿಯುವವರೆಗೆ ಕಾದಳು. ಖಾಲಿ ಸೀಟುಗಳ ನಡುವೆ ಚಳಿ ಮೊಣಕಾಲಿಗೆ ಹತ್ತುತ್ತಿತ್ತು. ಹೆಸರು ಹಿಡಿದು ಕೂಗಿಯೇಬಿಟ್ಟಳು: "ಛ್ವಾ ಥಿಯೆನ್ಕಿಯಾತ್! ಊರು ಬಂತು, ಇಳೀರಿ. ನೀವೊಬ್ಬರೇ!"

ಎಲ್ಲೋ ಹಿಂದೆ ಒಂದು ಬೆಲ್ಟು ಟಕ್ಕೆಂದು ಬಿಚ್ಚಿತು.

ಈ ಸಲ ಕಾಯಿಗಳು ಎಲ್ಲಕ್ಕೂ ಹೌದೆಂದವು. ಅತ್ತೆ ಎರಡು ಬಟ್ಟಲು ಬಡಿಸಿದಳು. "ಮೊದಲು ಬಂದೋನೂ ಯಾರ ಮನೆ ಮಗನೋ. ಊಟಕ್ಕೆ ಕೂತೋನ್ನ ಎಬ್ಬಿಸ್ತಾರೇನೇ? ನೀನೂ ಉಣ್ಣು ಬಾ."

ಬೀಹಾ ತುತ್ತು ಎತ್ತಲಿಲ್ಲ.

"ನೀವೊಬ್ಬರೇ ಅಂದ್ಬಿಟ್ನಲ್ಲ ಅತ್ತೆ," ಅಂದಳು. "ವಿಮಾನದಲ್ಲಿ ಉಳಿದೋರೆಲ್ಲ ಕೇಳಿಸ್ಕೊಂಡ್ರು."